ಅಂತಿಗೊನೆಯ ಹೊಸ ಊರುಗಳು



1973ರ ಜುಲೈ 2ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ, ‘ದಿ ಸ್ಪೇಸ್’ ಎಂಬ ಪುಟ್ಟ ರಂಗಮಂದಿರದಲ್ಲಿ ಒಂದು ಹೊಸ ನಾಟಕ ರಂಗಕ್ಕೆ ಬಂತು. ಅಂದು ಅದರ ಹೆಸರು ‘ಡಿ ಹೊಡೋಶೆ ಸ್ಪಾನ್’, ಅಂದರೆ ಹೊಡೋಶೆಯ ಕೂಲಿತಂಡ. ಹೊಡೋಶೆ ಎಂಬುದು ಹೆಣಕ್ಕೆ ಮುತ್ತುವ ನೊಣದ ಹೆಸರು. ರಾಬೆನ್ ದ್ವೀಪದ ಜೈಲಿನ ಒಬ್ಬ ಕ್ರೂರ ವಾರ್ಡರನಿಗೆ ಕೈದಿಗಳು ಅದನ್ನೇ ಅಡ್ಡಹೆಸರಾಗಿ ಇಟ್ಟಿದ್ದರು. ಜೈಲಿನ ಒಳಗಿನ ಸಂಗತಿಯನ್ನು ಹೊರಗೆ ಆಡಿದರೆ ಕಾನೂನಿನ ಕೈಗೆ ಸಿಕ್ಕಿಬೀಳುವ ಕಾಲ ಅದು, ಹಾಗಾಗಿ ದ್ವೀಪದ ಹೆಸರನ್ನು ನೇರವಾಗಿ ಇಡುವಂತಿರಲಿಲ್ಲ. ಅದೇ ವರ್ಷದ ಕೊನೆಗೆ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರಕ್ಕೆ ಹೋದಾಗ ನಾಟಕ ‘ದಿ ಐಲೆಂಡ್’ ಆಯಿತು. ಅದನ್ನು ಕಟ್ಟಿದವರು ಮೂವರು: ಬಿಳಿಯ ನಾಟಕಕಾರ ಅಥೋಲ್ ಫ್ಯೂಗಾರ್ಡ್, ಕಪ್ಪುವರ್ಣದ ನಟರಾದ ಜಾನ್ ಕಾನಿ ಮತ್ತು ವಿನ್‌ಸ್ಟನ್ ನ್‌ಚೋನ.

ಈ ನಾಟಕದ ಹೊಟ್ಟೆಯೊಳಗೆ ಇನ್ನೊಂದು ನಾಟಕವಿದೆ. ಅದು ಎರಡು ಸಾವಿರದ ನಾನೂರು ವರ್ಷಕ್ಕೂ ಹಳೆಯದಾದ, ಗ್ರೀಸಿನ ಸೊಫೋಕ್ಲಿಸ್ ಬರೆದ ‘ಅಂತಿಗೊನೆ’. ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಥೀಬ್ಸ್ ನಗರದ ಸಿಂಹಾಸನಕ್ಕಾಗಿ ಇಬ್ಬರು ಅಣ್ಣತಮ್ಮಂದಿರು ಕಾದಾಡಿ, ಒಬ್ಬರನ್ನೊಬ್ಬರು ಕೊಂದು, ಇಬ್ಬರೂ ಸಾಯುತ್ತಾರೆ. ಸೋದರಮಾವ ಕ್ರಿಯಾನ್ ಪಟ್ಟಕ್ಕೆ ಬರುತ್ತಾನೆ. ಊರಿನ ಪರವಾಗಿ ಹೋರಾಡಿದವನಿಗೆ ರಾಜಮರ್ಯಾದೆಯ ಸಂಸ್ಕಾರ. ಊರಿನ ಮೇಲೆ ದಂಡೆತ್ತಿ ಬಂದವನ ಹೆಣವನ್ನು ಯಾರೂ ಮಣ್ಣು ಮಾಡಕೂಡದು, ನಾಯಿ ಹದ್ದು ತಿನ್ನಲಿ ಎಂದು ಡಂಗುರ ಹೊಡೆಸುತ್ತಾನೆ. ತಂಗಿ ಅಂತಿಗೊನೆ ಆ ಆಜ್ಞೆಯನ್ನು ಮೀರಿ ಅಣ್ಣನ ಹೆಣದ ಮೇಲೆ ಮಣ್ಣು ಹಾಕುತ್ತಾಳೆ, ಸಿಕ್ಕಿಬೀಳುತ್ತಾಳೆ, ಹಾಕಿದ್ದು ನಾನೇ ಎನ್ನುತ್ತಾಳೆ. ಜೀವಂತವಾಗಿ ಅವಳನ್ನು ಗುಹೆಯೊಳಗೆ ಹಾಕಿ ಮುಚ್ಚುತ್ತಾರೆ.

ಹಳೆಯ ನಾಟಕವನ್ನು ಇಂದಿನ ಸಮಸ್ಯೆಗೆ ಒಗ್ಗಿಸುವುದು ಈಗ ಎಲ್ಲ ಕಡೆಯೂ ನಡೆದಿರುವ ಕೆಲಸ. ಬಹಳ ಸಲ ಅದು ದರ್ಜಿ ಕೆಲಸವಾಗಿಬಿಡುತ್ತದೆ: ಹೆಸರು ಬದಲಾಗುತ್ತದೆ, ಉಡುಪು ಬದಲಾಗುತ್ತದೆ, ಕ್ರಿಯಾನನ ತಲೆಗೊಂದು ಗಾಂಧಿ ಟೋಪಿ ಏರುತ್ತದೆ, ಸೈನಿಕರ ಕೈಯಲ್ಲಿ ಲಾಠಿ ಬರುತ್ತದೆ. ಪ್ರೇಕ್ಷಕರು ಯಾರನ್ನು ಕುರಿತು ಹೇಳುತ್ತಿದ್ದಾರೆಂದು ಗುರುತು ಹಿಡಿದು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಇಂಥ ಪ್ರಯೋಗಗಳಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಹಳೆಯ ನಾಟಕ ಹೊಸ ಊರಿಗೆ ಎಲ್ಲೆಲ್ಲಿ ಸಲೀಸಾಗಿ ಹೊಂದಿತು ಎಂಬುದಕ್ಕಿಂತ, ಎಲ್ಲಿ ಹೊಂದಲಿಲ್ಲ, ಆ ಜಾಗದಲ್ಲಿ ನಾಟಕಕಾರ ಏನು ಮಾಡಿದ ಎಂದು ನೋಡುವುದು ನನ್ನ ಕ್ರಮ. ಎರಡು ಆಫ್ರಿಕನ್ ನಾಟಕಗಳನ್ನು ಹಾಗೆ ನೋಡೋಣ.

ಮೊದಲು ದ್ವೀಪದ ಕಥೆ ಮುಗಿಸುತ್ತೇನೆ. ಪೋರ್ಟ್ ಎಲಿಜಬೆತ್ ನಗರದ ಪಕ್ಕದಲ್ಲಿ ನ್ಯೂ ಬ್ರೈಟನ್ ಎಂಬ, ಕಪ್ಪು ಜನರನ್ನು ಬೇರೆಯಾಗಿ ಇರಿಸಿದ್ದ ಬಡಾವಣೆ. ಅಲ್ಲಿನ ಕೆಲವರು 1963ರಲ್ಲಿ ಫ್ಯೂಗಾರ್ಡ್‌ರನ್ನು ಹುಡುಕಿಕೊಂಡು ಬಂದು ನಾಟಕ ಆಡಿಸಿ ಎಂದು ಕೇಳಿದರು. ಹಳೆಯ ವಸ್ತುಸಂಗ್ರಹಾಲಯದ ಹಾವಿನ ಗುಂಡಿ ಅವರಿಗೆ ಸಿಕ್ಕ ಮೊದಲ ಜಾಗ. ಅದರಿಂದಲೇ ತಂಡಕ್ಕೆ ‘ಸರ್ಪೆಂಟ್ ಪ್ಲೇಯರ್ಸ್’ ಎಂಬ ಹೆಸರು. 1965ರಲ್ಲಿ ಅವರು ‘ಅಂತಿಗೊನೆ’ಯ ತಾಲೀಮು ನಡೆಸುತ್ತಿದ್ದಾಗ, ಅಂತಿಗೊನೆಯನ್ನು ಮದುವೆಯಾಗಬೇಕಿದ್ದ ಹೇಮಾನನ ಪಾತ್ರದ ನಟನನ್ನು ಪೊಲೀಸರು ಹಿಡಿದರು. ಅವನಿಗೆ ರಾಬೆನ್ ದ್ವೀಪದ ಸಜೆಯಾಯಿತು. ತಂಡ ಬೇರೊಬ್ಬನನ್ನು ಹಾಕಿಕೊಂಡು ಇಲ್ಲಿ ನಾಟಕ ಆಡಿತು. ಅಲ್ಲಿ ದ್ವೀಪದಲ್ಲಿ ಆ ನಟ, ತಾಲೀಮಿನಿಂದ ನೆನಪಿನಲ್ಲಿ ಉಳಿದಷ್ಟನ್ನು ಕೂಡಿಸಿ, ಜೊತೆಯ ಕೈದಿಯೊಬ್ಬನನ್ನು ಸೇರಿಸಿಕೊಂಡು, ಜೈಲಿನ ಮನರಂಜನೆಯ ಕಾರ್ಯಕ್ರಮದಲ್ಲಿ ಪುಟ್ಟದೊಂದು ‘ಅಂತಿಗೊನೆ’ ಆಡಿಬಿಟ್ಟ.

ಅದೇ ದ್ವೀಪದಲ್ಲಿ ಹದಿನೆಂಟು ವರ್ಷ ಕಳೆದ ನೆಲ್ಸನ್ ಮಂಡೇಲಾ ಕೂಡ ಕೈದಿಗಳ ನಾಟಕವೊಂದರಲ್ಲಿ ಪಾತ್ರ ವಹಿಸಿದ್ದರು. ಅದೂ ‘ಅಂತಿಗೊನೆ’ಯೇ. ಅವರು ವಹಿಸಿದ್ದು ಕ್ರಿಯಾನನ ಪಾತ್ರ! ತಮ್ಮ ಆತ್ಮಕಥೆಯಲ್ಲಿ ಈ ಪಾತ್ರದ ಬಗ್ಗೆ ಬರೆಯುವಾಗ ಮಂಡೇಲಾ ಕ್ರಿಯಾನನನ್ನು ಬರಿಯ ದುಷ್ಟನೆಂದು ತಳ್ಳಿಹಾಕುವುದಿಲ್ಲ. ಮೊದಲಿಗೆ ಅವನು ವಿವೇಕಿ, ದೇಶಪ್ರೇಮಿ. ಕರುಣೆ ಬೆರೆಯದ ಹಟ ಅವನನ್ನು ಕೆಡಿಸಿತು ಎಂಬುದು ಅವರು ಕಂಡ ಬಗೆ. ಮುಂದೆ ಒಂದು ದೇಶವನ್ನು ಆಳಬೇಕಾದವನು ಕ್ರಿಯಾನನ ಕುರ್ಚಿಯಲ್ಲಿ ಕೂತು ನೋಡಿದ ಎಂಬುದು ನನಗೆ ಇಂದಿಗೂ ಸೋಜಿಗ.

ಸರ್ಪೆಂಟ್ ಪ್ಲೇಯರ್ಸ್ ತಂಡದ ಆ ನಟನ ಬಗ್ಗೆ ಜೈಲಿನಿಂದ ಬಂದ ಸುದ್ದಿಯೇ ‘ದಿ ಐಲೆಂಡ್’ ನಾಟಕದ ಬೀಜ. 1973ರಲ್ಲಿ ಮೂವರೂ ಕೂತಾಗ ಕೈಯಲ್ಲಿ ಬರೆದ ನಾಟಕ ಇರಲಿಲ್ಲ. ನೆಲದ ಮೇಲೊಂದು ಕಂಬಳಿ ಹಾಸಿ, ಅದರ ಮೇಲೆ ನಟರಿಬ್ಬರನ್ನು ನಿಲ್ಲಿಸಿ, ಕಂಬಳಿಯನ್ನು ಮಡಿಸುತ್ತಾ ಜಾಗ ಕಿರಿದು ಮಾಡುತ್ತಾ ಹೋದರು. ಜೈಲಿನ ಕೋಣೆ ಹೀಗೆ ಹುಟ್ಟಿತು. ಮುಂದಿನ ವರ್ಷ ಅದು ಪುಸ್ತಕವಾದಾಗ ಮುಖಪುಟದಲ್ಲಿ ಮೂವರ ಹೆಸರೂ ಇತ್ತು.

ನಾಟಕದ ಮೊದಲ ದೃಶ್ಯವನ್ನು ಬಾನುಲಿಯಲ್ಲಿ ವಿವರಿಸುವುದು ಸ್ವಲ್ಪ ಪೇಚಿನ ಕೆಲಸ, ಅದರಲ್ಲಿ ಮಾತೇ ಇಲ್ಲ. ಸಮುದ್ರದ ದಂಡೆಯಲ್ಲಿ ಇಬ್ಬರು ಕೈದಿಗಳು. ಒಬ್ಬ ಮರಳು ತೋಡಿ ಕೈಗಾಡಿಗೆ ತುಂಬಿ ತಳ್ಳಿಕೊಂಡು ಹೋಗಿ ಇನ್ನೊಬ್ಬನು ತೋಡಿದ ಗುಂಡಿಗೆ ಸುರಿಯುತ್ತಾನೆ. ಇನ್ನೊಬ್ಬ ತಾನು ತೋಡಿದ್ದನ್ನು ತಂದು ಇವನ ಗುಂಡಿಗೆ ಸುರಿಯುತ್ತಾನೆ. ಗುಂಡಿ ಆಳವಾಗುವುದೂ ಇಲ್ಲ, ದಿಬ್ಬ ಏಳುವುದೂ ಇಲ್ಲ. ರಂಗದ ಮೇಲೆ ಮರಳೂ ಇಲ್ಲ, ಗಾಡಿಯೂ ಇಲ್ಲ. ಇರುವುದು ಎರಡು ಮೈಗಳು, ಅವುಗಳ ಏದುಸಿರು. ನಿಮಿಷಗಟ್ಟಲೆ ಇದು ನಡೆಯುತ್ತದೆ. ಪ್ರೇಕ್ಷಕರು ಮೊದಲು ಕುತೂಹಲದಿಂದ ನೋಡುತ್ತಾರೆ, ಆಮೇಲೆ ಬೇಸರಪಡುತ್ತಾರೆ, ಆಮೇಲೆ ತಮ್ಮ ಬೇಸರಕ್ಕೆ ತಾವೇ ನಾಚುತ್ತಾರೆ.

ರಾತ್ರಿ ಕೋಣೆಯಲ್ಲಿ ಇವರು ಜೈಲಿನ ಕಾರ್ಯಕ್ರಮಕ್ಕೆ ‘ಅಂತಿಗೊನೆಯ ವಿಚಾರಣೆ’ ಎಂಬ ದೃಶ್ಯ ಸಿದ್ಧಪಡಿಸುತ್ತಿದ್ದಾರೆ. ಪಾತ್ರಗಳ ಹೆಸರೂ ಜಾನ್, ವಿನ್‌ಸ್ಟನ್, ನಟರ ಹೆಸರೇ. ಜಾನ್ ಕ್ರಿಯಾನ್, ವಿನ್‌ಸ್ಟನ್ ಅಂತಿಗೊನೆ. ಬಿಡಿಸಿದ ಹಗ್ಗದ ನೂಲು ತಲೆಗೂದಲು, ಮೊಳೆಗಳನ್ನು ಪೋಣಿಸಿದ್ದು ಕತ್ತಿನ ಸರ. ಎದೆ ಕಟ್ಟಿಕೊಂಡು ಕೂದಲು ಹಾಕಿಕೊಂಡ ವಿನ್‌ಸ್ಟನ್‌ನನ್ನು ಕಂಡು ಜಾನ್ ಬಿದ್ದು ಬಿದ್ದು ನಗುತ್ತಾನೆ. ವಿನ್‌ಸ್ಟನ್ ಎಲ್ಲವನ್ನೂ ಕಿತ್ತೆಸೆಯುತ್ತಾನೆ: ಹೆಂಗಸಿನ ವೇಷ ಹಾಕುವುದಿಲ್ಲ, ನಾಳೆ ಇಡೀ ಜೈಲು ನನ್ನನ್ನು ನೋಡಿ ನಗುತ್ತದೆ. ಈ ಅಂತಿಗೊನೆ ಯಾವಳೋ, ಗ್ರೀಸಿನ ಕಟ್ಟುಕಥೆ; ನನ್ನದು ಕಟ್ಟುಕಥೆಯಲ್ಲ.

ಸೊಫೋಕ್ಲಿಸ್ ಇಲ್ಲಿ ಹೊಂದುವುದಿಲ್ಲ. ನಾಟಕಕಾರರು ಅದನ್ನು ಮುಚ್ಚಿಡಲಿಲ್ಲ, ಅದನ್ನೇ ನಾಟಕದ ನಡುವೆ ತಂದಿಟ್ಟರು. ವಿನ್‌ಸ್ಟನ್ ಜೈಲಿಗೆ ಬಂದದ್ದು ಯಾರ ಹೆಣಕ್ಕೂ ಮಣ್ಣು ಹಾಕಿ ಅಲ್ಲ. ಪೊಲೀಸ್ ಠಾಣೆಯ ಮುಂದೆ ನಿಂತು ತನ್ನ ಪಾಸ್‌ಬುಕ್ ಸುಟ್ಟದ್ದಕ್ಕೆ ಅವನಿಗೆ ಜೀವಾವಧಿ. ಪಾಸ್‌ಬುಕ್ ಎಂದರೆ ಬ್ಯಾಂಕಿನದಲ್ಲ. ಕಪ್ಪು ಮನುಷ್ಯ ಎಲ್ಲಿ ಇರಬಹುದು, ಎಲ್ಲಿ ದುಡಿಯಬಹುದು, ಎಷ್ಟು ದಿನ ಎಂದು ಸರ್ಕಾರ ಮುದ್ರೆ ಒತ್ತಿಕೊಟ್ಟ ಪುಸ್ತಕ. ಕೇಳಿದಾಗ ತೋರಿಸದಿದ್ದರೆ ಬಂಧನ. 1952ರ ಕಾನೂನು ಇದನ್ನು ದೇಶಕ್ಕೆಲ್ಲ ಒಂದೇ ಬಗೆಯದಾಗಿ ಮಾಡಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಇದನ್ನು ಪ್ರತಿಭಟಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಪಾಸ್ ಕಾನೂನು ಹೋದದ್ದು 1986ರಲ್ಲಿ. ಥೀಬ್ಸಿನ ಮುಷ್ಟಿ ಮಣ್ಣಿನ ಜಾಗದಲ್ಲಿ ಇಲ್ಲಿ ಒಂದು ಸುಟ್ಟ ಪುಸ್ತಕ ಇದೆ.

ಸೊಫೋಕ್ಲಿಸನಲ್ಲಿ ಸುಳಿವೂ ಇಲ್ಲದ ಇನ್ನೊಂದು ಸಂಗತಿಯನ್ನು ಇವರು ಸೇರಿಸಿದರು. ನಾಟಕದ ನಡುವೆ ಜಾನ್‌ಗೆ ಸುದ್ದಿ ಬರುತ್ತದೆ: ಶಿಕ್ಷೆ ಕಡಿಮೆಯಾಗಿದೆ, ಇನ್ನು ಮೂರು ತಿಂಗಳಲ್ಲಿ ಬಿಡುಗಡೆ. ಇಬ್ಬರೂ ಕುಣಿದಾಡುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ವಿನ್‌ಸ್ಟನ್‌ಗೆ ವಿಷ ಏರುತ್ತದೆ. ನೀನು ಹೊರಗೆ ಹೋಗುತ್ತೀಯ, ಬಿಯರು ಕುಡಿಯುತ್ತೀಯ, ಹೆಂಗಸರ ಜೊತೆ ಇರುತ್ತೀಯ, ನನ್ನನ್ನು ಮರೆಯುತ್ತೀಯ ಎಂದು ಚುಚ್ಚುತ್ತಾನೆ. ನಾನಂತೂ ಇಲ್ಲೇ ಕಲ್ಲು ಒಡೆಯುತ್ತಾ ಕಲ್ಲೇ ಆಗುತ್ತೇನೆ ಎನ್ನುತ್ತಾನೆ. ದಬ್ಬಾಳಿಕೆಯ ವಿರುದ್ಧ ಬರೆದ ನಾಟಕಗಳಲ್ಲಿ ನೊಂದವರೆಲ್ಲ ಒಳ್ಳೆಯವರಾಗಿ, ಒಬ್ಬರನ್ನೊಬ್ಬರು ತಬ್ಬಿಕೊಂಡೇ ಇರುವುದನ್ನು ನಾವು ಎಷ್ಟೊಂದು ಸಲ ನೋಡಿದ್ದೇವೆ! ಗೆಳೆಯನ ಬಿಡುಗಡೆಯನ್ನು ಸಹಿಸಲಾರದ ಈ ಹೊಟ್ಟೆಕಿಚ್ಚಿನ ದೃಶ್ಯ ಬರೆಯಲು ಬೇರೆಯದೇ ಧೈರ್ಯ ಬೇಕು. ಇದಾದ ಮೇಲೆಯೇ ವಿನ್‌ಸ್ಟನ್ ಆ ಕೂದಲು, ಆ ಸರ ಹಾಕಿಕೊಳ್ಳಲು ಒಪ್ಪುತ್ತಾನೆ.

ಕೊನೆಯ ದೃಶ್ಯದಲ್ಲಿ ಜಾನ್ ರಂಗದ ಅಂಚಿಗೆ ಬಂದು ಸಭೆಗೆ ವಂದಿಸುತ್ತಾನೆ. ಸಭೆ ಎಂದರೆ ಜೈಲಿನ ಅಧಿಕಾರಿ, ಹೊಡೋಶೆ, ವಾರ್ಡರರು. ಅವರ ಕುರ್ಚಿಯಲ್ಲಿ ಕೂತಿರುವವರು ಟಿಕೆಟು ಕೊಂಡು ಬಂದ ನಾವು. ಕೇಪ್‌ಟೌನ್‌ನ ಬಿಳಿಯ ಪ್ರೇಕ್ಷಕನಿಗೆ 1973ರಲ್ಲಿ ಇದು ಎಷ್ಟು ಇರುಸುಮುರುಸಾಗಿರಬೇಕು ಊಹಿಸಿ. ಕ್ರಿಯಾನ್ ತೀರ್ಪು ಕೊಟ್ಟ ಮೇಲೆ ವಿನ್‌ಸ್ಟನ್ ತಲೆಯ ಕೂದಲನ್ನು ಕಿತ್ತು, ಅಂತಿಗೊನೆಯ ಮಾತನ್ನು ತನ್ನ ದನಿಯಲ್ಲಿ, ತಾನಾಗಿಯೇ ಆಡುತ್ತಾನೆ. ಅಷ್ಟು ಹೊತ್ತು ಅವನಿಗೆ ನಗೆಪಾಟಲಾಗಿದ್ದ ಗ್ರೀಕ್ ಹೆಂಗಸು ಆ ಒಂದು ಗಳಿಗೆ ಅವನಿಗೆ ಸಾಕಾಗುತ್ತಾಳೆ. ಆಮೇಲೆ ಅವಳು ಬೇಕಾಗುವುದಿಲ್ಲ.

ಈ ನಟರ ಬದುಕೂ ನಾಟಕಕ್ಕಿಂತ ದೂರವಿರಲಿಲ್ಲ. ಕಪ್ಪು ಮನುಷ್ಯನ ಪಾಸ್‌ಬುಕ್ಕಿನಲ್ಲಿ ನಟ ಎಂಬ ಕಸುಬೇ ಇಲ್ಲದ್ದರಿಂದ ಕಾನಿ ಮತ್ತು ನ್‌ಚೋನ ಕಾಗದದ ಮೇಲೆ ಫ್ಯೂಗಾರ್ಡ್ ಮನೆಯ ಆಳುಗಳಾಗಿದ್ದರು. ಇದೇ ಇಬ್ಬರು 1975ರಲ್ಲಿ, ಈ ನಾಟಕಕ್ಕೂ ಅದರ ಜೊತೆಯ ‘ಸಿಜ್ವೆ ಬಾನ್ಸಿ ಈಸ್ ಡೆಡ್’ ನಾಟಕಕ್ಕೂ ಸೇರಿ, ಅಮೆರಿಕದ ಟೋನಿ ಪ್ರಶಸ್ತಿಯನ್ನು ಹಂಚಿಕೊಂಡರು. ಮರುವರ್ಷ ಊರಿಗೆ ಬಂದು ಆಡಿದಾಗ ಟ್ರಾನ್ಸ್‌ಕೈ ಪ್ರದೇಶದಲ್ಲಿ ಅವರನ್ನು ಬಂಧಿಸಿದರು.

ಇನ್ನು ನೈಜೀರಿಯಕ್ಕೆ ಬರೋಣ. ಓಲಾ ರೋಟಿಮಿ ಬರೆದ ‘ದಿ ಗಾಡ್ಸ್ ಆರ್ ನಾಟ್ ಟು ಬ್ಲೇಮ್’ 1968ರಲ್ಲಿ ಇಫೆ ನಗರದಲ್ಲಿ ಮೊದಲು ರಂಗಕ್ಕೆ ಬಂತು. ಅದು ಸೊಫೋಕ್ಲಿಸನ ‘ದೊರೆ ಈಡಿಪಸ್’. ಥೀಬ್ಸ್ ಹೋಗಿ ಕುಟುಜೆ ಎಂಬ ಯೊರುಬಾ ಊರಾಗಿದೆ, ಈಡಿಪಸ್ ಒಡೆವಾಲೆ ಆಗಿದ್ದಾನೆ. ಅರಿಯದೆ ತಂದೆಯನ್ನು ಕೊಂದು, ಅರಿಯದೆ ತಾಯಿಯನ್ನು ಮದುವೆಯಾಗಿ, ಅರಿತ ಮೇಲೆ ಕಣ್ಣು ಕಿತ್ತುಕೊಳ್ಳುವ ಕಥೆ ಹಾಗೆಯೇ ಇದೆ.

ನಾಟಕ ಬಂದ ವರ್ಷವನ್ನು ಗಮನಿಸಿ. ಅದರ ಹಿಂದಿನ ವರ್ಷ, 1967ರ ಮೇ 30ರಂದು, ಪೂರ್ವ ನೈಜೀರಿಯ ಬಯಾಫ್ರ ಎಂಬ ಹೆಸರಿನಲ್ಲಿ ಬೇರೆ ದೇಶವೆಂದು ಸಾರಿಕೊಂಡಿತ್ತು. 1970ರ ಜನವರಿಯವರೆಗೆ ನಡೆದ ಆ ಯುದ್ಧದಲ್ಲಿ ಗುಂಡಿಗಿಂತ ಹಸಿವು ಹೆಚ್ಚು ಜನರನ್ನು ಕೊಂದಿತು. ಹೊರಗಿನ ದೊಡ್ಡ ದೇಶಗಳೇ ಇದಕ್ಕೆಲ್ಲ ಕಾರಣ ಎಂಬ ಮಾತು ಊರೆಲ್ಲ ಇತ್ತು. ತಂದೆ ಯೊರುಬಾ, ತಾಯಿ ಇಜಾ ಜನಾಂಗದವರಾದ ರೋಟಿಮಿಗೆ ಆ ಮಾತು ಹಿಡಿಸಲಿಲ್ಲ. ತಲೆಬರಹದಲ್ಲಿರುವ ದೇವರುಗಳೆಂದರೆ ಆ ದೊಡ್ಡ ದೇಶಗಳೂ ಹೌದು ಎಂದು ಅವರೇ ವಿವರಿಸಿದ್ದಾರೆ.

ರೋಟಿಮಿ ಬದಲಿಸಿದ್ದು ಒಂದು ಕೊಲೆಯ ಕಾರಣವನ್ನು. ಗ್ರೀಕ್ ನಾಟಕದಲ್ಲಿ ಮೂರು ದಾರಿ ಕೂಡುವಲ್ಲಿ ರಥ ದಾರಿ ಬಿಡಲಿಲ್ಲವೆಂದು ಜಗಳ. ಈಡಿಪಸ್ ಸಿಟ್ಟಿನಲ್ಲಿ ಮುದುಕನನ್ನು ಕೊಲ್ಲುತ್ತಾನೆ. ಇಲ್ಲಿ ಒಡೆವಾಲೆ ದುಡ್ಡು ಕೊಟ್ಟು ಕೊಂಡ ತನ್ನ ಹೊಲದಲ್ಲಿ ಮುದುಕನೊಬ್ಬ ಆಳುಗಳನ್ನು ಕರೆತಂದು ಗೆಣಸು ಕೀಳಿಸುತ್ತಿದ್ದಾನೆ. ಮಾತಿಗೆ ಮಾತು ಬೆಳೆಯುತ್ತದೆ. ಕಳ್ಳ ಎಂದು ಕರೆಸಿಕೊಂಡಾಗಲೂ ಒಡೆವಾಲೆ ತಡೆದುಕೊಳ್ಳುತ್ತಾನೆ. ಮುದುಕ ಅವನ ಮಾತಿನ ಧಾಟಿಯನ್ನು ಆಡಿಕೊಂಡು, ನಿನ್ನ ಕುಲವೇ ಕಾಡುಕುಲ ಎಂದಾಗ ಗುದ್ದಲಿ ಏಳುತ್ತದೆ. ಸತ್ತವನು ಅವನ ತಂದೆ. ಯಾವ ಕುಲಕ್ಕೆ ಅವಮಾನವಾಯಿತೆಂದು ಅವನು ಕೊಂದನೋ ಅದು ಅವನ ಕುಲವೇ ಅಲ್ಲ, ಸಾಕಿದವರ ಕುಲ! ಗ್ರೀಕ್ ನಾಟಕದ ವ್ಯಂಗ್ಯಕ್ಕೆ ಹೊಸ ಅಲಗು ಬಂದದ್ದು ಇಲ್ಲಿ. ಕೊನೆಯಲ್ಲಿ ಕುರುಡನಾದ ಒಡೆವಾಲೆ ದೇವರನ್ನು ದೂರಬೇಡಿ, ನನ್ನ ಕುಲದ ಮೇಲಿನ ವ್ಯಾಮೋಹವೇ ನನ್ನನ್ನು ಕೆಡವಿತು ಎನ್ನುತ್ತಾನೆ.

ಒಪ್ಪತಕ್ಕ ಮಾತು. ಆದರೆ ನಾಟಕ ಅದನ್ನು ಪೂರ್ತಿ ಒಪ್ಪಿಸುತ್ತದೆಯೇ? ಕೂಸು ಹುಟ್ಟಿದಾಗಲೇ ಇವನು ತಂದೆಯನ್ನು ಕೊಲ್ಲುತ್ತಾನೆಂದು ಪೂಜಾರಿ ಭವಿಷ್ಯ ನುಡಿದಾಗಿದೆ. ಆ ಭವಿಷ್ಯವನ್ನು ಇಟ್ಟುಕೊಂಡು ದೇವರದ್ದೇನೂ ತಪ್ಪಿಲ್ಲ ಎಂದರೆ ಹೇಗೆ ಎಂದು ವಿಮರ್ಶಕರು ಕೇಳಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ. ರೋಟಿಮಿ ಹಳೆಯ ಕಥೆಯ ಅಸ್ತಿವಾರ ಮುಟ್ಟದೆ ಮೇಲಿನ ಗೋಡೆ ಒಡೆದು ಕಟ್ಟಿದರು. ಅಷ್ಟಾದರೂ ಯುದ್ಧ ನಡೆಯುತ್ತಿರುವಾಗ, ಗೆಲ್ಲುತ್ತಿದ್ದ ಕಡೆಯ ಊರಿನಲ್ಲಿ ನಿಂತು, ತಪ್ಪು ನಮ್ಮಲ್ಲೇ ಇದೆ ಎಂದು ಹೇಳಿದ್ದು ಸಣ್ಣ ಮಾತಲ್ಲ.

ಇನ್ನೆರಡನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಅರ್ಜೆಂಟೀನದಲ್ಲಿ 1976ರಿಂದ 1983ರವರೆಗೆ ನಡೆದ ಸೇನೆಯ ಆಡಳಿತದಲ್ಲಿ ಸಾವಿರಾರು ಜನರನ್ನು ಎತ್ತಿಕೊಂಡು ಹೋಗಿ ಕಾಣೆಯಾಗಿಸಿದರು. ಗ್ರಿಸೆಲ್ಡಾ ಗಂಬಾರೊ 1986ರಲ್ಲಿ ‘ಆಂತಿಗೊನ ಫುರಿಯೋಸ’ ಬರೆದು ಆಡಿಸಿದಾಗ ಎದುರಾದ ಕಷ್ಟ ಬೇರೆ: ಮಣ್ಣು ಮಾಡೋಣವೆಂದರೆ ಹೆಣವೇ ಇಲ್ಲ. ಅವರ ನಾಟಕ ಶುರುವಾಗುವಾಗಲೇ ಅಂತಿಗೊನೆ ನೇಣಿನಲ್ಲಿದ್ದಾಳೆ. ಕುಣಿಕೆ ಬಿಡಿಸಿಕೊಂಡು ಎದ್ದು ಬರುತ್ತಾಳೆ. ಪಕ್ಕದಲ್ಲಿ ಇಬ್ಬರು ಗಂಡಸರು ಕಾಫಿ ಕುಡಿಯುತ್ತಾ ಅವಳನ್ನು ಗೇಲಿ ಮಾಡುತ್ತಾರೆ. ಕ್ರಿಯಾನ್ ಎಂದರೆ ಖಾಲಿ ಚಿಪ್ಪು, ಅವರಲ್ಲೊಬ್ಬ ಒಳಗೆ ಹೊಕ್ಕು ದೊರೆಯಾಗುತ್ತಾನೆ. ನೈಜೀರಿಯದ ಫೆಮಿ ಓಸೊಫಿಸನ್ 1994ರಲ್ಲಿ ‘ಟೆಗೊನ್ನಿ’ ಬರೆದಾಗ ದೇಶದಲ್ಲಿ ಸೇನೆಯ ಆಡಳಿತ, ಹಿಂದಿನ ವರ್ಷದ ಚುನಾವಣೆ ರದ್ದಾಗಿತ್ತು. ಅವರು ಕಥೆಯನ್ನು ಬ್ರಿಟಿಷರ ಕಾಲಕ್ಕೆ ಒಯ್ದರು, ಗ್ರೀಸಿನ ಅಂತಿಗೊನೆಯನ್ನೇ ಒಂದು ಪಾತ್ರವಾಗಿ ಅಲ್ಲಿಗೆ ಕರೆತಂದರು.

ಕನ್ನಡದಲ್ಲಿ ಈ ಕೆಲಸಕ್ಕೆ ದೊಡ್ಡ ಇತಿಹಾಸವಿದೆ. ಬಿ.ಎಂ.ಶ್ರೀಯವರು 1929ರಲ್ಲಿ ಸೊಫೋಕ್ಲಿಸನ ‘ಅಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿದರು. ಚಿರಂಜೀವಿಯಾದ ಅಶ್ವತ್ಥಾಮ ಸಾಯುವುದುಂಟೇ ಎಂದು ಆಗ ತಕರಾರು ಎದ್ದಿತು. ಗ್ರೀಕ್ ದುರಂತಕ್ಕೆ ನಾಯಕ ಸಾಯಲೇಬೇಕಾಗಿತ್ತು. ಕುವೆಂಪು ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ‘ಬಿರುಗಾಳಿ’ಯಾಗಿಸಿದರು, ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ ಬರೆದರು. ಈಡಿಪಸ್ ಮತ್ತು ಅಂತಿಗೊನೆಯನ್ನು ಲಂಕೇಶರು ಕನ್ನಡಿಸಿದರು. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಎಂದರೆ ‘ಮ್ಯಾಕ್‌ಬೆತ್’. ಹುಲುಗಪ್ಪ ಕಟ್ಟೀಮನಿಯವರು ಅದನ್ನು ಸೆರೆಮನೆಯ ಕೈದಿಗಳಿಂದ ಆಡಿಸಿದರು. ಕೊಲೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವವನು ಕೊಲೆ ಮಾಡಿ ನಿದ್ದೆಗೆಟ್ಟ ದೊರೆಯ ಪಾತ್ರ ಆಡುವಾಗ ಶೇಕ್ಸ್‌ಪಿಯರನ ಒಂದಕ್ಷರವನ್ನೂ ಸಮಕಾಲೀನಗೊಳಿಸುವ ಅಗತ್ಯ ಬೀಳುವುದಿಲ್ಲ. ಆಡುವವನೇ ಸಾಕು.

ಕನ್ನಡದ ಅಂತಿಗೊನೆ ಇನ್ನೂ ಒಂದು ಹೆಜ್ಜೆ ಇಡಬಹುದು ಎಂಬುದು ನನ್ನ ಆಸೆ. ಹೆಣಕ್ಕೆ ಮಣ್ಣು ಸಿಗದಿರುವುದು ನಮಗೆ ಗ್ರೀಸಿನ ಕಥೆಯಲ್ಲ. ದಲಿತರಿಗೆ ಸ್ಮಶಾನವಿಲ್ಲದ ಹಳ್ಳಿಗಳು ನಮ್ಮಲ್ಲಿವೆ. ಸ್ಮಶಾನವಿದ್ದರೂ ಅದಕ್ಕೆ ದಾರಿಯಿಲ್ಲದ, ಹೆಣ ಹೊತ್ತು ಯಾರದೋ ಹೊಲದ ಬದುವಿನಲ್ಲಿ ತಡೆಸಿಕೊಂಡು ನಿಲ್ಲುವ ಊರುಗಳಿವೆ. ತಾಲ್ಲೂಕು ಕಚೇರಿಯ ಮುಂದೆ ಶವವಿಟ್ಟು ಧರಣಿ ಕೂತ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಆಗಾಗ ಬರುತ್ತದೆ. ನಾಟಕಕ್ಕೆ ಇದಕ್ಕಿಂತ ಹತ್ತಿರದ ವಸ್ತು ಇನ್ನೇನು ಬೇಕು ಎಂದು ಮೊದಲಿಗೆ ಅನಿಸುತ್ತದೆ.

ಕೂತು ಬರೆಯಲು ಹೋದರೆ ಕಥೆ ತಿರುಗಿ ನಿಲ್ಲುತ್ತದೆ. ಥೀಬ್ಸಿನಲ್ಲಿ ಬೇಡ ಎನ್ನುವುದು ದೊರೆಯ ಕಾನೂನು, ಮಾಡಬೇಕೆನ್ನುವುದು ದೇವರ ಕಟ್ಟಳೆ, ಹಿಂದಿನಿಂದ ಬಂದ ಪದ್ಧತಿ. ನಮ್ಮಲ್ಲಿ ಕಾನೂನು ಅಂತಿಗೊನೆಯ ಕಡೆ ಇದೆ: ಸಂವಿಧಾನದ 17ನೇ ವಿಧಿ ಇದೆ, ಸ್ಮಶಾನಕ್ಕೆ ಹೋಗದಂತೆ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಶಿಕ್ಷಾರ್ಹವೆಂದು 1955ರ ಕಾಯ್ದೆಯೇ ಹೇಳಿದೆ. ಬೇಡ ಎನ್ನುವುದು ಹಿಂದಿನಿಂದ ಬಂದ ಪದ್ಧತಿ. ಹೀಗಿರುವಾಗ ಕ್ರಿಯಾನ್ ಯಾರು? ತಹಸೀಲ್ದಾರನೆನ್ನೋಣವೇ? ಅವನು ಆದೇಶ ಹೊರಡಿಸಿ ಕೈ ತೊಳೆದುಕೊಂಡಿದ್ದಾನೆ. ಹೊಲದ ಯಜಮಾನನೇ? ದಾರಿ ನನ್ನ ಪಹಣಿಯಲ್ಲಿದೆ, ಜಾತಿಯ ಮಾತು ನಾನೆಲ್ಲಿ ಆಡಿದೆ ಎನ್ನುತ್ತಾನೆ. ಪಂಚಾಯ್ತಿ ಅಧ್ಯಕ್ಷ ಮುಂದಿನ ಸಭೆಯಲ್ಲಿ ಇಡೋಣ ಎನ್ನುತ್ತಾನೆ. ಡಂಗುರ ಹೊಡೆಸಿದವನು ಯಾರೂ ಇಲ್ಲ, ಆಜ್ಞೆ ಮಾತ್ರ ಜಾರಿಯಲ್ಲಿದೆ. ಸೊಫೋಕ್ಲಿಸನ ಅಂತಿಗೊನೆಗೆ ಎದುರು ನಿಂತು ವಾದಿಸಲು ಒಬ್ಬ ಮನುಷ್ಯನಿದ್ದ, ಅವನಿಗೊಂದು ಮುಖವಿತ್ತು, ಕೊನೆಗೆ ಪಶ್ಚಾತ್ತಾಪವೂ ಇತ್ತು. ಈ ಮುಖವಿಲ್ಲದ ಕ್ರಿಯಾನನನ್ನು ರಂಗದ ಮೇಲೆ ಯಾವ ನಟನಿಂದ, ಎಷ್ಟು ನಟರಿಂದ ಆಡಿಸಬೇಕು ಎಂಬುದನ್ನು ನಮ್ಮ ನಾಟಕಕಾರರೊಬ್ಬರು ಬಿಡಿಸಬೇಕಾಗಿದೆ.